ಮೊದಲ ಮನೆಗೆ ಸ್ವಂತ ಪಾಲು: ಲೆಕ್ಕ ಮತ್ತು ಉಳಿತಾಯದ ದಾರಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಗೃಹಸಾಲವೆಂಬುದು ಜನಸಾಮಾನ್ಯರಿಗೆ ತಿಳಿದಿರಲಿಲ್ಲ. ಇಂದು ಪುತ್ತೂರು, ಸುಳ್ಯ, ಕಡಬದ ಪೇಟೆಗಳಲ್ಲಿ ಗೃಹಸಾಲ ನೀಡುವ ಸಂಸ್ಥೆಗಳಿಗೆ ಕೊರತೆಯಿಲ್ಲ. ಆದರೂ ಬಾಡಿಗೆ ಮನೆಯಲ್ಲಿರುವ ನಮ್ಮ ಅಂಗಡಿ ನೌಕರರು, ಸಣ್ಣ ವರ್ತಕರು, ವಾಹನ ಚಾಲಕರು, ಖಾಸಗಿ ಶಾಲೆಗಳ ಶಿಕ್ಷಕರು ಸ್ವಂತ ಮನೆಯ ಮಾತು ಬಂದಾಗ ಹಿಂಜರಿಯುತ್ತಾರೆ. ಅವರನ್ನು ತಡೆಯುವುದು ಸಾಲದ ಅಭಾವವಲ್ಲ. ಸಾಲ ಮಂಜೂರಾಗುವ ಮುನ್ನವೇ ಕೈಯಲ್ಲಿ ಇರಬೇಕಾದ ಹಣ. ಬ್ಯಾಂಕಿನವರು ಇದನ್ನು ‘ಮಾರ್ಜಿನ್’ ಎನ್ನುತ್ತಾರೆ, ನಗರಗಳಲ್ಲಿ ‘ಡೌನ್ ಪೇಮೆಂಟ್’ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ಸ್ವಂತ ಪಾಲು ಎಂದು ಕರೆಯೋಣ. ಅದು ಎಷ್ಟಿರಬೇಕು, ಅದನ್ನು ಹೇಗೆ ಕೂಡಿಡಬೇಕು, ಎಲ್ಲಿ ಇಡಬೇಕು ಎಂಬುದನ್ನು ನಮ್ಮ ಮೂರು ತಾಲೂಕುಗಳ ಪರಿಸ್ಥಿತಿಗೆ ಅನ್ವಯಿಸಿ ವಿವರಿಸುವುದು ಇಲ್ಲಿನ ಉದ್ದೇಶ.

ಶೇ. 90 ಎಂಬುದು ಮಿತಿಯೇ ಹೊರತು ಹಕ್ಕಲ್ಲ

ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ ವಾಣಿಜ್ಯ ಬ್ಯಾಂಕುಗಳು 30 ಲಕ್ಷ ರೂ.ವರೆಗಿನ ಗೃಹಸಾಲದಲ್ಲಿ ಆಸ್ತಿಯ ಮೌಲ್ಯದ ಶೇ. 90ರವರೆಗೆ, 30 ಲಕ್ಷದಿಂದ 75 ಲಕ್ಷ ರೂ.ವರೆಗಿನ ಸಾಲದಲ್ಲಿ ಶೇ. 80ರವರೆಗೆ, ಅದಕ್ಕೆ ಮೇಲ್ಪಟ್ಟ ಸಾಲದಲ್ಲಿ ಶೇ. 75ರವರೆಗೆ ಮಾತ್ರ ನೀಡಬಹುದು. ಇದನ್ನು ಓದಿದವರು, 30 ಲಕ್ಷ ರೂ. ಮನೆಗೆ 3 ಲಕ್ಷ ರೂ. ಕೈಯಲ್ಲಿದ್ದರೆ ಸಾಕೆಂದು ಭಾವಿಸುವುದು ಸಹಜ. ಇಲ್ಲಿಯೇ ಮೊದಲ ಎಡವಟ್ಟು ಸಂಭವಿಸುತ್ತದೆ.

ಶೇ. 90 ಎಂಬುದು ಬ್ಯಾಂಕು ಮೀರಬಾರದ ಮಿತಿ. ನಿಜವಾಗಿ ಎಷ್ಟು ಸಾಲ ಸಿಗುತ್ತದೆ ಎಂಬುದನ್ನು ನಿರ್ಧರಿಸುವುದು ಸಾಲಗಾರನ ಮರುಪಾವತಿ ಸಾಮರ್ಥ್ಯ. ಶೇ. 8.5 ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ಸಾಲ ಪಡೆದರೆ ಪ್ರತಿ ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು 868 ರೂ. ಆಗುತ್ತದೆ. ತಿಂಗಳಿಗೆ 40,000 ರೂ. ಆದಾಯವಿರುವ ಕುಟುಂಬ ಅದರ ಶೇ. 40ರಷ್ಟನ್ನು, ಅಂದರೆ 16,000 ರೂ.ಗಳನ್ನು, ಕಂತಿಗೆ ಮೀಸಲಿಟ್ಟರೆ ಅದು ತಾಳಬಲ್ಲ ಸಾಲ 18 ಲಕ್ಷ ರೂ.ಗಳಿಂದ ಸ್ವಲ್ಪ ಮಾತ್ರ ಹೆಚ್ಚು. 30 ಲಕ್ಷ ರೂ. ಮನೆಗೆ ಈ ಕುಟುಂಬದ ಸ್ವಂತ ಪಾಲು 3 ಲಕ್ಷವಲ್ಲ, 12 ಲಕ್ಷ ರೂ.

ಆದುದರಿಂದ ಮನೆಯ ಬೆಲೆಯ ಶೇಕಡಾವಾರಿನಿಂದ ಲೆಕ್ಕ ಆರಂಭಿಸಬಾರದು. ಮೊದಲು ತಿಂಗಳಿಗೆ ಎಷ್ಟು ಕಂತು ಕಟ್ಟಬಲ್ಲೆವು ಎಂದು ತೀರ್ಮಾನಿಸಿ, ಅದರಿಂದ ಸಾಲದ ಮೊತ್ತವನ್ನು ಕಂಡುಕೊಂಡು, ಒಟ್ಟು ವೆಚ್ಚದಿಂದ ಅದನ್ನು ಕಳೆಯಬೇಕು. ಉಳಿದುದೇ ನಮ್ಮ ಗುರಿ.

ಬ್ಯಾಂಕು ಲೆಕ್ಕಕ್ಕೆ ಹಿಡಿಯದ ವೆಚ್ಚಗಳು

ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಹಾಗೂ ದಾಖಲೆಪತ್ರಗಳ ವೆಚ್ಚವನ್ನು ಆಸ್ತಿಯ ಮೌಲ್ಯದಲ್ಲಿ ಸೇರಿಸಿ ಸಾಲ ನೀಡುವಂತಿಲ್ಲವೆಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ಸೂಚಿಸಿತ್ತು. 10 ಲಕ್ಷ ರೂ.ವರೆಗಿನ ಮನೆಗಳಿಗೆ ಮಾತ್ರ 2015ರಲ್ಲಿ ವಿನಾಯಿತಿ ದೊರೆಯಿತು. ಉಳಿದವರು ಈ ಹಣವನ್ನು ಪೂರ್ತಿಯಾಗಿ ಕೈಯಿಂದಲೇ ಭರಿಸಬೇಕು.

ಕರ್ನಾಟಕದಲ್ಲಿ ನಿವೇಶನ ಖರೀದಿಗೆ ಸಾಮಾನ್ಯ ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಉಪಕರ ಮತ್ತು ಅಧಿಭಾರ ಸೇರುತ್ತವೆ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಸಲಾಯಿತು. ಒಟ್ಟಾರೆ ಪಟ್ಟಣ ವ್ಯಾಪ್ತಿಯಲ್ಲಿ ಶೇ. 7.6, ಗ್ರಾಮಾಂತರದಲ್ಲಿ ಶೇ. 7.65 ಆಗುತ್ತದೆ. 8 ಲಕ್ಷ ರೂ. ನಿವೇಶನಕ್ಕೆ ಇದೊಂದೇ ಸುಮಾರು 61,000 ರೂ. ಆಗುತ್ತದೆ. ಕ್ರಯದ ಮೊತ್ತ ಮತ್ತು ಸರಕಾರದ ಮಾರ್ಗಸೂಚಿ ಬೆಲೆ, ಇವೆರಡರಲ್ಲಿ ಹೆಚ್ಚಿನದರ ಮೇಲೆ ಶುಲ್ಕ ಲೆಕ್ಕವಾಗುತ್ತದೆ ಎಂಬುದನ್ನೂ ಮರೆಯಬಾರದು.

ನಮ್ಮ ಭೂಮಿಯ ಸ್ವರೂಪದಿಂದ ಬರುವ ವೆಚ್ಚಗಳು ಬೇರೆಯೇ ಇವೆ. ಬಯಲುಸೀಮೆಯಲ್ಲಿ ಸಮತಟ್ಟಾದ ನಿವೇಶನದಲ್ಲಿ ನೇರವಾಗಿ ಅಡಿಪಾಯ ತೋಡಬಹುದು. ಇಲ್ಲಿ ಹೆಚ್ಚಿನ ಜಾಗಗಳು ಗುಡ್ಡದ ಇಳಿಜಾರಿನಲ್ಲಿವೆ. ಮಣ್ಣು ಕಡಿದು ಸಮತಟ್ಟು ಮಾಡಬೇಕು. ಕಡಿದ ಬದಿ ಮಳೆಗಾಲದಲ್ಲಿ ಕುಸಿಯದಂತೆ ತಡೆಗೋಡೆ ಕಟ್ಟಬೇಕು. ರಸ್ತೆಯಿಂದ ಮನೆಯವರೆಗೆ ದಾರಿ ಮಾಡಬೇಕು. ಬಾವಿ ಅಥವಾ ಕೊಳವೆಬಾವಿ ತೆಗೆಸಬೇಕು. ವಿದ್ಯುತ್ ಸಂಪರ್ಕ ಪಡೆಯಬೇಕು. ಪಂಚಾಂಗ ಏಳುವ ಮೊದಲೇ ಖರ್ಚಾಗುವ ಹಣವಿದು. ಸಾಮಗ್ರಿಗಳ ಪೂರೈಕೆಯ ಅನಿಶ್ಚಿತತೆಯೂ ಇದೆ. 2025ರಲ್ಲಿ ಜಿಲ್ಲೆಯಲ್ಲಿ ಕೆಂಪು ಕಲ್ಲು ಹಾಗೂ ಮರಳಿನ ಅಭಾವದಿಂದ ಕಟ್ಟಡ ಕೆಲಸಗಳು ಕುಂಠಿತಗೊಂಡುದನ್ನು ನಮ್ಮ ವರ್ತಕರೆಲ್ಲರೂ ಬಲ್ಲರು. ಕೆಲಸ ನಿಂತ ತಿಂಗಳುಗಳಲ್ಲಿಯೂ ಬಾಡಿಗೆ ಮತ್ತು ಬಡ್ಡಿ ನಿಲ್ಲುವುದಿಲ್ಲ.

ಒಂದು ಮಾದರಿ ಲೆಕ್ಕ

ಮೇಲಿನದೆಲ್ಲವನ್ನು ಸೇರಿಸಿ ಒಂದು ಉದಾಹರಣೆಯನ್ನು ಗಮನಿಸೋಣ. ಮೊತ್ತಗಳು ಕೇವಲ ಮಾದರಿಗಾಗಿ. ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು.

ನಿವೇಶನದ ಬೆಲೆ: 8,00,000 ರೂ.
ನೋಂದಣಿಯ ಒಟ್ಟು ವೆಚ್ಚ: 61,000 ರೂ.
ಮನೆ ನಿರ್ಮಾಣ: 22,00,000 ರೂ.
ಸಮತಟ್ಟು, ತಡೆಗೋಡೆ, ನೀರು, ವಿದ್ಯುತ್, ಪರವಾನಿಗೆ: 2,00,000 ರೂ.
ಒಟ್ಟು: 32,61,000 ರೂ.

ಒಬ್ಬರ 40,000 ರೂ. ಆದಾಯದ ಮೇಲೆ 18 ಲಕ್ಷ ರೂ. ಸಾಲ ದೊರೆತರೆ ಸ್ವಂತ ಪಾಲು 14.61 ಲಕ್ಷ ರೂ. ಅದೇ ಮನೆಯಲ್ಲಿ ಪತ್ನಿಯೂ ತಿಂಗಳಿಗೆ 15,000 ರೂ. ಗಳಿಸುತ್ತಿದ್ದು, ಇಬ್ಬರೂ ಜಂಟಿಯಾಗಿ ಅರ್ಜಿ ಸಲ್ಲಿಸಿದರೆ ಒಟ್ಟು ಆದಾಯ 55,000 ರೂ. ಆಗುತ್ತದೆ, ಶೇ. 40ರ ಲೆಕ್ಕದಲ್ಲಿ 22,000 ರೂ. ಕಂತಿಗೆ ಸುಮಾರು 25 ಲಕ್ಷ ರೂ. ಸಾಲ ಸಾಧ್ಯ. ಆಗ ಸ್ವಂತ ಪಾಲು 7.61 ಲಕ್ಷ ರೂ.ಗಳಿಗೆ ಇಳಿಯುತ್ತದೆ. ಮನೆಯ ಹೆಣ್ಣುಮಕ್ಕಳ ದುಡಿಮೆ ದಾಖಲೆಯಲ್ಲಿ ಕಾಣಿಸಿಕೊಂಡರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಹೊಲಿಗೆ, ಮನೆಪಾಠ, ತಿಂಡಿ ತಯಾರಿಕೆಗಳ ಆದಾಯ ನಗದಾಗಿ ಬಂದು ನಗದಾಗಿ ಖರ್ಚಾದರೆ ಬ್ಯಾಂಕಿನ ಕಣ್ಣಿಗೆ ಅದು ಇಲ್ಲವೇ ಇಲ್ಲ.

ಐದು ವರ್ಷಗಳ ಗುರಿ

ಶೇ. 6.7 ಬಡ್ಡಿಯ ಆವರ್ತಕ ಠೇವಣಿಯಲ್ಲಿ ತಿಂಗಳಿಗೆ 10,000 ರೂ.ಗಳಂತೆ ಐದು ವರ್ಷ ಕಟ್ಟಿದರೆ 6 ಲಕ್ಷ ರೂ. ಅಸಲು ಸುಮಾರು 7.13 ಲಕ್ಷ ರೂ. ಆಗುತ್ತದೆ. ಆದರೆ ಈ ಐದು ವರ್ಷಗಳಲ್ಲಿ ನಿರ್ಮಾಣ ವೆಚ್ಚ ಸುಮ್ಮನಿರುವುದಿಲ್ಲ. ವರ್ಷಕ್ಕೆ ಶೇ. 5ರಂತೆ ಏರಿದರೂ 22 ಲಕ್ಷ ರೂ. ಮನೆ 28 ಲಕ್ಷ ರೂ. ಆಗುತ್ತದೆ. ಉಳಿತಾಯವನ್ನೂ ವರ್ಷ ವರ್ಷ ಏರಿಸುತ್ತ ಹೋಗುವುದೇ ಇದಕ್ಕೆ ಪರಿಹಾರ. ಮೊದಲ ವರ್ಷ ತಿಂಗಳಿಗೆ 10,000 ರೂ., ಎರಡನೆಯ ವರ್ಷ 11,000 ರೂ., ಹೀಗೆ ಪ್ರತಿವರ್ಷ ಶೇ. 10 ಹೆಚ್ಚಿಸಿದರೆ ಅದೇ ಬಡ್ಡಿದರದಲ್ಲಿ ಐದು ವರ್ಷಗಳ ಕೊನೆಗೆ ಸುಮಾರು 8.6 ಲಕ್ಷ ರೂ. ಸೇರುತ್ತದೆ. ಆದಾಯ ಹೆಚ್ಚಿದಂತೆ ಸಾಲದ ಅರ್ಹತೆಯೂ ಹೆಚ್ಚುವುದರಿಂದ ಉಳಿದ ಅಂತರವನ್ನು ತುಂಬಿಕೊಳ್ಳಬಹುದು. ಅಂತರ ಮತ್ತೂ ಉಳಿದರೆ ಮನೆಯ ಅಳತೆಯನ್ನು ಕಡಿಮೆ ಮಾಡಿ, ಮುಂದೆ ಕೋಣೆ ಸೇರಿಸಲು ಅನುಕೂಲವಾಗುವಂತೆ ನಕ್ಷೆ ಮಾಡಿಸುವುದು ಜಾಣತನ.

ತಿಂಗಳ ಸಂಬಳವಿಲ್ಲದವರ ಉಳಿತಾಯ

ತಿಂಗಳ ಮೊದಲ ದಿನ ಸಂಬಳದಿಂದ ಕಡಿತವಾಗುವ ಉಳಿತಾಯದ ಸಲಹೆ ಪಟ್ಟಣದ ನೌಕರನಿಗೆ ಹೊಂದುತ್ತದೆ. ನಮ್ಮ ಮೂರು ತಾಲೂಕುಗಳ ಆರ್ಥಿಕತೆ ಅಡಿಕೆ, ರಬ್ಬರ್, ತೆಂಗು, ಗೇರು, ಕರಿಮೆಣಸುಗಳನ್ನು ನೆಚ್ಚಿಕೊಂಡಿದೆ. ಬೆಳೆಗಾರನಿಗೆ ಮಾತ್ರವಲ್ಲ, ಬೆಳೆಗಾರನನ್ನು ನಂಬಿದ ಬಟ್ಟೆ ಅಂಗಡಿಗೂ ಸಲಕರಣೆ ಅಂಗಡಿಗೂ ಆದಾಯ ಋತುವನ್ನು ಅನುಸರಿಸಿ ಬರುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ಕೈ ತುಂಬಿರುತ್ತದೆ. ಮಳೆಗಾಲದಲ್ಲಿ ಔಷಧಿ ಸಿಂಪಡಣೆಗೂ ಶಾಲಾ ಶುಲ್ಕಕ್ಕೂ ಕೈ ಬರಿದಾಗುತ್ತದೆ. ರಬ್ಬರ್ ಟ್ಯಾಪಿಂಗ್ ಮಾಡುವವರಿಗೆ ಮಳೆ ಸುರಿದಷ್ಟು ದಿನ ಕೆಲಸವೇ ಇರದು.

ಇಂಥವರಿಗೆ ತಿಂಗಳ ಕಂತಿಗಿಂತ ಮಾರಾಟದ ದಿನದ ನಿಯಮ ಸೂಕ್ತ. ಅಡಿಕೆ ಕೊಟ್ಟು ಹಣ ಖಾತೆಗೆ ಬಂದ ದಿನವೇ ಅದರ ಗೊತ್ತಾದ ಪಾಲನ್ನು, ಐದರಲ್ಲಿ ಒಂದು ಎಂದಿಟ್ಟುಕೊಳ್ಳೋಣ, ನಿಶ್ಚಿತ ಠೇವಣಿಗೆ ವರ್ಗಾಯಿಸಬೇಕು. ಹೀಗೆ ವರ್ಷಾರಂಭದಲ್ಲಿ 1 ಲಕ್ಷ ರೂ.ಗಳಂತೆ ಐದು ವರ್ಷ ಇಟ್ಟರೆ ಶೇ. 6.7ರ ದರದಲ್ಲಿ ಸುಮಾರು 6.1 ಲಕ್ಷ ರೂ. ಆಗುತ್ತದೆ.

ಅಡಿಕೆಯನ್ನೇ ಉಳಿತಾಯವೆಂದು ಭಾವಿಸುವ ರೂಢಿಯೂ ನಮ್ಮಲ್ಲಿದೆ. ಚಾಲಿ ಅಡಿಕೆ ಅಟ್ಟದಲ್ಲಿ ಹಳತಾದಂತೆ ಬೆಲೆ ಹೆಚ್ಚುವುದುಂಟು. ಆದರೆ ದಾಸ್ತಾನು ಹಣವಲ್ಲ. ಧಾರಣೆ ಕುಸಿಯಬಹುದು, ಹುಳು ಹಿಡಿಯಬಹುದು. ಸುಳ್ಯದ ಸಂಪಾಜೆ, ಅರಂತೋಡು ಕಡೆಗಳಲ್ಲಿ ಹಳದಿ ಎಲೆ ರೋಗದಿಂದ ತೋಟಗಳೇ ಬರಿದಾದುದನ್ನು ಕಂಡವರು, ಮನೆಯ ಹಣವನ್ನು ತೋಟದ ಭವಿಷ್ಯಕ್ಕೆ ಕಟ್ಟಿಹಾಕಬಾರದೆಂಬುದನ್ನು ಒಪ್ಪಿಯಾರು. ಮನೆಗೆಂದು ತೆಗೆದಿಟ್ಟ ಪಾಲು ಅಡಿಕೆಯಿಂದ ಹೊರಬಂದು ಬೇರೆಡೆ ಇರಲೇಬೇಕು.

ದಿನದ ವಹಿವಾಟಿನ ವರ್ತಕರಿಗೂ ಆಟೋ ಚಾಲಕರಿಗೂ ಪಿಗ್ಮಿ ಠೇವಣಿ ಇಂದಿಗೂ ಉತ್ತಮ ಸಾಧನ. ಇದು ನಮ್ಮ ಕರಾವಳಿಯದೇ ಕೊಡುಗೆ. 1925ರಲ್ಲಿ ಉಡುಪಿಯಲ್ಲಿ ಸ್ಥಾಪನೆಗೊಂಡು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ, ಡಾ. ಟಿ.ಎಂ.ಎ. ಪೈಯವರ ಮುಂದಾಳುತನದಲ್ಲಿ 1928ರಲ್ಲಿ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸುವ ಈ ಪದ್ಧತಿಯನ್ನು ಆರಂಭಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಪದ್ಧತಿ ಸಹಕಾರಿ ಸಂಸ್ಥೆಗಳಲ್ಲಿ ಜೀವಂತವಾಗಿದೆ. ದಿನಕ್ಕೆ 200 ರೂ.ಗಳಂತೆ 300 ದಿನ ಕಟ್ಟಿದರೆ ವರ್ಷಕ್ಕೆ 60,000 ರೂ. ಸೇರುತ್ತದೆ. ಪಿಗ್ಮಿಗೆ ಬಡ್ಡಿ ಕಡಿಮೆ. ಆದ್ದರಿಂದ ಅವಧಿ ಮುಗಿದೊಡನೆ ಆ ಮೊತ್ತವನ್ನು ನಿಶ್ಚಿತ ಠೇವಣಿಗೆ ಬದಲಾಯಿಸಬೇಕು. ಪಿಗ್ಮಿಯನ್ನು ಹಣ ಸಂಗ್ರಹಿಸುವ ಕೊಡಪಾನವೆಂದು ತಿಳಿಯಬೇಕೇ ಹೊರತು ತುಂಬಿಡುವ ಹಂಡೆಯೆಂದಲ್ಲ.

ಹಣವನ್ನು ಎಲ್ಲಿ ಇಡಬೇಕು?

ಐದು ವರ್ಷಗಳಲ್ಲಿ ಬೇಕಾಗುವ ಹಣಕ್ಕೆ ಲಾಭಕ್ಕಿಂತ ಸುರಕ್ಷತೆ ಮುಖ್ಯ. ಷೇರುಪೇಟೆಯನ್ನು ಅವಲಂಬಿಸಿದ ನಿಧಿಗಳು ದೀರ್ಘಾವಧಿಗೆ ಒಳ್ಳೆಯವಿರಬಹುದು. ಅಡಿಪಾಯ ಹಾಕುವ ತಿಂಗಳಲ್ಲೇ ಪೇಟೆ ಕುಸಿದರೆ ಕಾಯಲು ಅವಕಾಶವಿರುವುದಿಲ್ಲ.

ಸಹಕಾರಿ ಕ್ಷೇತ್ರದ ವಿಷಯದಲ್ಲಿ ನಮಗೆ ಹೆಮ್ಮೆಪಡುವ ಇತಿಹಾಸವಿದೆ. ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘವನ್ನು ಆರಂಭಿಸಿದರು. ಇಂದಿನ ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಕೂಡ 1914ರಲ್ಲಿ ಹುಟ್ಟಿದ್ದು ಪುತ್ತೂರಿನಲ್ಲಿಯೇ. ಹಳ್ಳಿಹಳ್ಳಿಯ ಸಹಕಾರ ಸಂಘಗಳು ನಮ್ಮ ಕೃಷಿಕರ ಬೆನ್ನೆಲುಬು ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಠೇವಣಿದಾರರು ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳಲ್ಲಿ ಇಟ್ಟ ಠೇವಣಿಗೆ ಪ್ರತಿ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ ರೂ.ವರೆಗೆ ವಿಮೆಯ ರಕ್ಷಣೆಯಿದೆ. ಹಿಂದೆ 1 ಲಕ್ಷ ರೂ. ಇದ್ದ ಈ ಮಿತಿಯನ್ನು 2020ರ ಫೆಬ್ರವರಿಯಲ್ಲಿ ಏರಿಸಲಾಯಿತು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೂ ಸೌಹಾರ್ದ ಹಾಗೂ ಇತರ ಪತ್ತಿನ ಸಹಕಾರಿ ಸಂಘಗಳಿಗೂ ಈ ವಿಮೆ ಅನ್ವಯಿಸುವುದಿಲ್ಲ. ಅಲ್ಲಿನ ಭದ್ರತೆ ಆಡಳಿತ ಮಂಡಳಿಯ ಪ್ರಾಮಾಣಿಕತೆ ಮತ್ತು ಸಾಲ ವಸೂಲಾತಿಯನ್ನು ಅವಲಂಬಿಸಿದೆ. ಆದುದರಿಂದ ವಾರ್ಷಿಕ ಮಹಾಸಭೆಗೆ ಹೋಗಿ ವರದಿಯನ್ನು ಓದಿ. ಮನೆಯ ಹಣವೆಲ್ಲವನ್ನೂ ಅರ್ಧ ಶೇಕಡಾ ಹೆಚ್ಚಿನ ಬಡ್ಡಿಯ ಆಸೆಗೆ ಒಂದೇ ಕಡೆ ಇಡಬೇಡಿ.

ಚೀಟಿಯ ವಿಷಯವೂ ಹೀಗೆಯೇ. ಇಪ್ಪತ್ತು ಜನ 5,000 ರೂ.ಗಳಂತೆ ಕಟ್ಟುವ ಒಂದು ಲಕ್ಷ ರೂ.ಗಳ ಚೀಟಿಯನ್ನು ಶೇ. 25 ಬಿಟ್ಟು ಎತ್ತಿದರೆ ಕೈಗೆ ಬರುವುದು 75,000 ರೂ. ಮಾತ್ರ, ಅದು ಉಳಿತಾಯವಲ್ಲ, ದುಬಾರಿ ಸಾಲ. ಕೊನೆಯವರೆಗೆ ಕಾಯುವವನಿಗೆ ಲಾಭವುಂಟು, ಆದರೆ ಅವನೇ ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡವನು. 1982ರ ಚಿಟ್ ಫಂಡ್ ಕಾಯಿದೆಯಡಿ ನೋಂದಣಿಯಾದ ಚೀಟಿಗೆ ಕಾನೂನಿನ ಆಸರೆಯಿದೆ. ಪರಿಚಯದ ಮೇಲೆ ನಡೆಯುವ ಚೀಟಿಗೆ ಬಾಯಿಮಾತಿನ ಹೊರತು ಬೇರೇನೂ ಇಲ್ಲ.

ಚಿನ್ನ ಅಡವಿಟ್ಟು ಸ್ವಂತ ಪಾಲು ಹೊಂದಿಸುವುದು ಕೊನೆಯ ಗಳಿಗೆಯಲ್ಲಿ ಅನೇಕರು ಹಿಡಿಯುವ ದಾರಿ. ಆಗ ಒಂದೇ ಆದಾಯದಿಂದ ಎರಡು ಸಾಲಗಳನ್ನು ತೀರಿಸಬೇಕಾಗುತ್ತದೆ. ಅಲ್ಪಾವಧಿಯ ತುರ್ತಿಗೆ ಮಾತ್ರ ಇದನ್ನು ಮೀಸಲಿಡುವುದು ಕ್ಷೇಮ.

ಹಣ ಬೆಳೆಯುವಾಗ ದಾಖಲೆಯೂ ಬೆಳೆಯಲಿ

ಐದು ವರ್ಷ ಹಣ ಕೂಡಿಟ್ಟು ಕೊನೆಗೆ ಜಾಗದ ದಾಖಲೆ ಸರಿಯಿಲ್ಲವೆಂದು ಅರ್ಜಿ ತಿರಸ್ಕೃತವಾಗುವುದು ನಮ್ಮ ಭಾಗದ ದೊಡ್ಡ ತೊಡಕು. ವರ್ಗ ಜಾಗ ಮತ್ತು ಕುಮ್ಕಿ ಜಾಗದ ಅಂತರವನ್ನು ಹಿರಿಯರು ಬಲ್ಲರು. ಕುಮ್ಕಿ ಸರಕಾರದ ಭೂಮಿ, ಅದರ ಮೇಲೆ ನಮಗಿರುವುದು ಸವಲತ್ತು ಮಾತ್ರ. ಅದನ್ನು ಅಡವಿಟ್ಟು ಗೃಹಸಾಲ ಪಡೆಯಲಾಗದು. ಅಕ್ರಮ-ಸಕ್ರಮದಲ್ಲಿ ಮಂಜೂರಾದ ಜಾಗಗಳಿಗೆ ನಿಗದಿತ ಅವಧಿಯವರೆಗೆ ಪರಭಾರೆ ನಿರ್ಬಂಧವಿರುತ್ತದೆ, ಪ್ಲಾಟಿಂಗ್ ಆಗದೆ ಉಳಿದವೂ ಬಹಳ ಇವೆ.

ತಂದೆಯ ವರ್ಗ ಜಾಗದಲ್ಲಿ ಐದಾರು ಸೆಂಟ್ಸ್ ಪಡೆದು ಮನೆ ಕಟ್ಟುವವರಿಗೆ ನಿವೇಶನದ ವೆಚ್ಚ ಉಳಿಯುತ್ತದೆ. ಕುಟುಂಬದೊಳಗಿನ ದಾನಪತ್ರಕ್ಕೆ ಕ್ರಯಪತ್ರದ ದರವಿಲ್ಲ, ನಿಗದಿತ ಅಲ್ಪ ಶುಲ್ಕವಷ್ಟೇ. ಆದರೆ ಸಹೋದರರ ಒಪ್ಪಿಗೆ, 11-ಇ ನಕ್ಷೆ, ಪ್ರತ್ಯೇಕ ಪಹಣಿ, ಭೂಪರಿವರ್ತನೆ, ವಿನ್ಯಾಸ ಅನುಮೋದನೆ, ಗ್ರಾಮ ಪಂಚಾಯತಿನ ನಮೂನೆ 9 ಮತ್ತು 11 ಇವೆಲ್ಲ ಆಗಬೇಕು. ಒಂದೊಂದಕ್ಕೂ ತಿಂಗಳುಗಳು ಹಿಡಿಯುತ್ತವೆ. ಉಳಿತಾಯದ ಎರಡನೆಯ ವರ್ಷವೇ ಈ ಕೆಲಸಕ್ಕೆ ತೊಡಗಿದರೆ ಹಣ ಸಿದ್ಧವಾಗುವ ಹೊತ್ತಿಗೆ ದಾಖಲೆಯೂ ಸಿದ್ಧವಾಗಿರುತ್ತದೆ.

ಆದಾಯದ ದಾಖಲೆಯೂ ಅಷ್ಟೇ ಮುಖ್ಯ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲದ ಕಾರಣ ಅನೇಕ ಬೆಳೆಗಾರರಲ್ಲಿ ತೆರಿಗೆ ವಿವರಣೆಯೇ ಇರುವುದಿಲ್ಲ. ಅಂಥವರು ಕ್ಯಾಂಪ್ಕೋ ಅಥವಾ ಖಾಸಗಿ ಮಂಡಿಯ ಮಾರಾಟದ ಬಿಲ್ಲುಗಳನ್ನು ಜೋಪಾನವಾಗಿಟ್ಟು, ಹಣವನ್ನು ಖಾತೆಯ ಮೂಲಕವೇ ಪಡೆಯಬೇಕು. ನಿಯಮಿತವಾಗಿ ಕಟ್ಟಿದ ಠೇವಣಿಯ ಪಾಸ್‌ಪುಸ್ತಕವೇ ಬ್ಯಾಂಕಿನ ಮುಂದೆ ಒಂದು ಉತ್ತಮ ಸಾಕ್ಷಿ.

ಸರಕಾರದ ನೆರವು: ಎಷ್ಟು, ಯಾವಾಗ?

ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಎರಡನೆಯ ಹಂತ 2024ರ ಸೆಪ್ಟೆಂಬರಿನಿಂದ ಐದು ವರ್ಷಗಳ ಅವಧಿಗೆ ಜಾರಿಯಲ್ಲಿದೆ. ದೇಶದಲ್ಲೆಲ್ಲೂ ಪಕ್ಕಾ ಮನೆಯಿಲ್ಲದ, ವಾರ್ಷಿಕ ಆದಾಯ 9 ಲಕ್ಷ ರೂ. ಮೀರದ ಕುಟುಂಬಗಳು 35 ಲಕ್ಷ ರೂ.ವರೆಗಿನ ಮನೆಗೆ 25 ಲಕ್ಷ ರೂ.ವರೆಗೆ ಸಾಲ ಪಡೆದರೆ, ಮೊದಲ 8 ಲಕ್ಷ ರೂ.ಗಳ ಮೇಲೆ ಶೇ. 4 ಬಡ್ಡಿ ಸಹಾಯಧನಕ್ಕೆ ಅರ್ಹರು. ಗರಿಷ್ಠ ಮೊತ್ತ 1.80 ಲಕ್ಷ ರೂ. ಇದು ಪಟ್ಟಣ ವ್ಯಾಪ್ತಿಗೆ ಸೀಮಿತ. ಅಲ್ಲದೆ ಈ ಹಣ ಸಾಲ ಪಡೆದ ನಂತರ ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಬರುತ್ತದೆ. ಕಂತಿನ ಹೊರೆ ಇಳಿಯುವುದು ನಿಜ, ಸ್ವಂತ ಪಾಲಿಗೆ ಅದನ್ನು ನೆಚ್ಚುವಂತಿಲ್ಲ. ಭವಿಷ್ಯ ನಿಧಿಯ ಸದಸ್ಯರಿಗೆ ಮಾತ್ರ ತಮ್ಮ ಖಾತೆಯಿಂದ ಗೃಹನಿರ್ಮಾಣಕ್ಕೆ ಭಾಗಶಃ ಹಣ ಪಡೆಯುವ ಅವಕಾಶವಿದೆ.

ಉದ್ಯಮಿಗಳು ಮಾಡಬಹುದಾದುದು

ಈ ವಿಷಯ ನಮ್ಮ ವರ್ತಕ ಬಂಧುಗಳಿಗೂ ಸಂಬಂಧಿಸಿದ್ದು. ನುರಿತ ನೌಕರರು ಮಂಗಳೂರು, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಿಗೆ ಹೋಗುತ್ತಿದ್ದಾರೆಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಊರಿನಲ್ಲಿ ಮನೆ ಕಟ್ಟಿದವನು ಊರು ಬಿಡಲು ಹತ್ತು ಬಾರಿ ಯೋಚಿಸುತ್ತಾನೆ. ಮಾಲಕರು ಹೆಚ್ಚಿನ ಖರ್ಚಿಲ್ಲದೆ ಮಾಡಬಹುದಾದ ನಾಲ್ಕು ಕೆಲಸಗಳಿವೆ: ಸಂಬಳವನ್ನು ನಗದಿನ ಬದಲು ಬ್ಯಾಂಕ್ ಖಾತೆಗೆ ನೀಡುವುದು, ಪ್ರತಿ ತಿಂಗಳು ವೇತನಚೀಟಿ ಕೊಡುವುದು, ನೌಕರನ ಒಪ್ಪಿಗೆಯಿಂದ ಆವರ್ತಕ ಠೇವಣಿಯ ಕಂತನ್ನು ಸಂಬಳದ ದಿನವೇ ಜಮೆಯಾಗುವಂತೆ ಏರ್ಪಡಿಸುವುದು, ಇಪ್ಪತ್ತಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಯಾದರೂ ಸ್ವಇಚ್ಛೆಯಿಂದ ಭವಿಷ್ಯ ನಿಧಿಗೆ ಸೇರುವುದು. ಇವುಗಳಲ್ಲಿ ಮೊದಲೆರಡನ್ನು ಮಾಡಿದರೂ ಸಾಕು, ಹತ್ತು ವರ್ಷ ದುಡಿದ ನೌಕರ ಬ್ಯಾಂಕಿನೆದುರು ಆದಾಯವಿಲ್ಲದವನಂತೆ ನಿಲ್ಲಬೇಕಾಗುವುದಿಲ್ಲ.

ಒಟ್ಟಿನಲ್ಲಿ, ಕಟ್ಟಬಲ್ಲ ಕಂತಿನಿಂದ ಗುರಿಯನ್ನು ನಿರ್ಧರಿಸುವುದು, ಹಣ ಬಂದ ದಿನವೇ ಪಾಲು ತೆಗೆದಿಡುವುದು, ಅದನ್ನು ಸುರಕ್ಷಿತ ಸ್ಥಳದಲ್ಲಿ ಹಂಚಿ ಇಡುವುದು, ಜೊತೆಜೊತೆಗೆ ಜಾಗದ ದಾಖಲೆಯನ್ನು ಸರಿಪಡಿಸುವುದು, ಈ ನಾಲ್ಕೂ ಏಕಕಾಲದಲ್ಲಿ ಸಾಗಬೇಕು. ಮೊದಲ ಹೆಜ್ಜೆಗೆ ಹಣವೂ ಬೇಕಿಲ್ಲ: ಈ ತಿಂಗಳ ಆದಾಯ, ಬಾಡಿಗೆ ಮತ್ತು ಈಗಿರುವ ಸಾಲದ ಕಂತುಗಳನ್ನು ಒಂದು ಹಾಳೆಯಲ್ಲಿ ಬರೆದು, ಮನೆಯವರೆಲ್ಲ ಕುಳಿತು ಓದಿದರೆ ಸಾಕು.